ವೋಲ್ಟೇಜ್ ಇಳಿದಾಗ ಹೀಟರ್ ರಾಡ್ ಕೆಟ್ಟಿದೆಯೇ? ಮೊದಲು ಲೆಕ್ಕ ಹಾಕಿ ನೋಡಿ
ರಾಯಚೂರಿನ ಸುತ್ತಲ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿದ ಹೊತ್ತಿನಲ್ಲಿ ನೀರು ತಡವಾಗಿ ಕಾಯುತ್ತಿದ್ದರೆ, ರಾಡನ್ನು ರಿಪೇರಿಗೆ ಒಯ್ಯುವ ಮೊದಲು ಒಂದು ಸಣ್ಣ ಲೆಕ್ಕ ಮಾಡುವುದು ಒಳಿತು. ರಾಡಿನ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿದ್ದರೆ, ವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿದಾಗ ಕರೆಂಟ್ ಸುಮಾರು 6.5 ಆಂಪಿಯರ್ ಎಂದೂ, ವೋಲ್ಟೇಜನ್ನು ಆ ಕರೆಂಟಿನಿಂದ ಭಾಗಿಸಿದಾಗ ರೋಧ (ಕರೆಂಟಿನ ಹರಿವಿಗೆ ರಾಡು ಒಡ್ಡುವ ತಡೆ) ಸುಮಾರು 35 ಓಮ್ ಎಂದೂ ತಿಳಿಯುತ್ತದೆ. ರಾಡಿನೊಳಗಿನ ಕಾಯಿಲ್‌ನ ರೋಧ ಹೆಚ್ಚೇನೂ ಬದಲಾಗುವುದಿಲ್ಲ. ಆದ್ದರಿಂದ ಮನೆಗೆ 180 ವೋಲ್ಟ್ ಮಾತ್ರ ಬಂದಾಗ, ಅದನ್ನು ಆ ರೋಧದಿಂದ ಭಾಗಿಸಿದರೆ, ಕರೆಂಟ್ 5.1 ಆಂಪಿಯರ್‌ಗೆ ಇಳಿಯುತ್ತದೆ. ಇವೆರಡನ್ನೂ ಗುಣಿಸಿದರೆ ಸಿಗುವುದು ಸುಮಾರು 920 ವ್ಯಾಟ್ ಮಾತ್ರ. ಅಂದರೆ ವೋಲ್ಟೇಜ್ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಇಳಿದದ್ದಕ್ಕೇ ಶಕ್ತಿ ಐದರಲ್ಲಿ ಎರಡು ಪಾಲಿನಷ್ಟು ಕುಸಿದಿದೆ, ರಾಡಿನದೇನೂ ತಪ್ಪಿಲ್ಲ.

ತಂತಿಯನ್ನು ಇಕ್ಕಳದಂತೆ ಸುತ್ತಿ ಹಿಡಿಯುವ ಕ್ಲ್ಯಾಂಪ್ ಮೀಟರಿನಿಂದ ಕರೆಂಟ್ ಅಳೆಯುವವರು ಅದರ ಬಾಯೊಳಗೆ ಫೇಸ್ ತಂತಿಯೊಂದನ್ನೇ ಹಾಯಿಸಬೇಕು; ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗೆ ಹಾದರೆ ಮೀಟರ್ ಸೊನ್ನೆ ತೋರಿಸುತ್ತದೆ. ಇದನ್ನು ವೈರಿಂಗ್ ಬಲ್ಲವರಿಂದಲೇ ಮಾಡಿಸುವುದು ಕ್ಷೇಮ.

ಹೊಲದ ಪಂಪ್‌ಸೆಟ್ಟಿಗೆ ಮಾತ್ರ ಈ ಲೆಕ್ಕವನ್ನು ಹಚ್ಚಬಾರದು. ಮೋಟಾರು ಭಾರ ಎಳೆಯುತ್ತಿರುವಾಗ ವೋಲ್ಟೇಜ್ ಇಳಿದರೆ ಸಾಮಾನ್ಯವಾಗಿ ಕರೆಂಟ್ ಏರುತ್ತದೆ, ಮೋಟಾರಿನೊಳಗೆ ಸುತ್ತಿದ ತಂತಿ (ವೈಂಡಿಂಗ್) ಸುಡುವುದೂ ಹೆಚ್ಚಾಗಿ ಹೀಗೆಯೇ.