ಅಡ್ಮಿನ್ ಖಾತೆ ತೆರೆದರು, ಇಮೇಲ್ ಎಲ್ಲಿ?

ವೆಬ್‌ಸೈಟಿನ ಅಡ್ಮಿನ್ ಹೊಸ ಬಳಕೆದಾರರಿಗೆ ಖಾತೆ ತೆರೆದುಕೊಟ್ಟಿರುತ್ತಾರೆ, ಖಾತೆದಾರರಿಗೆ ಸುದ್ದಿಯೇ ಇರುವುದಿಲ್ಲ. ಕೊನೆಗೆ ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಪಾಡು. ಇದು ತಪ್ಪಬೇಕಾದರೆ ಹೀಗೆ ಮಾಡಿ.

ಹಂತ 1: ಟಿಕ್ ನೋಡಿ. ವೆಬ್‌ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಹೊಸ ಬಳಕೆದಾರರಿಗೆ ಇಮೇಲ್ ಕಳಿಸುವ ಚೌಕ ಮೊದಲೇ ಟಿಕ್ ಆಗಿರುತ್ತದೆ. ಅಂಥದ್ದೇ ಇನ್ನೊಂದು ತಂತ್ರಾಂಶ ಡ್ರೂಪಲ್‌ನಲ್ಲಿ ನೀವೇ ಹಾಕಬೇಕು. ಮರೆತಿರಾ? ಖಾತೆ ಅಳಿಸಬೇಡಿ, ಲಾಗಿನ್ ಪುಟದ ‘ಪಾಸ್‌ವರ್ಡ್ ಮರೆತಿರಾ’ ಲಿಂಕ್ ಒತ್ತಲು ಹೇಳಿದರೆ ಸಾಕು.

ಹಂತ 2: ಒಕ್ಕಣೆ. ಸೈಟಿನ ಹೆಸರು, ಬಳಕೆದಾರ ಹೆಸರು, ಪಾಸ್‌ವರ್ಡ್ ಹೊಂದಿಸುವ ಲಿಂಕ್. ಪಾಸ್‌ವರ್ಡನ್ನೇ ಬರೆಯುವುದು ಖಂಡಿತ ಬೇಡ. ಒಕ್ಕಣೆಯನ್ನು ಕನ್ನಡಕ್ಕೆ ತರುವಾಗ ಡ್ರೂಪಲ್‌ನ ಚೌಕ ಆವರಣದೊಳಗಿನ ಟೋಕನ್‌ಗಳನ್ನು ಮುಟ್ಟಬೇಡಿ; ಕಳಿಸುವಾಗ ಅವುಗಳ ಜಾಗಕ್ಕೆ ನಿಜವಾದ ಹೆಸರು, ಲಿಂಕ್ ಬರುತ್ತದೆ. ಅವನ್ನೂ ಅನುವಾದಿಸಿಬಿಟ್ಟರೆ ಇಮೇಲ್ ಹೋಗುತ್ತದೆ, ಲಿಂಕ್ ಇರುವುದಿಲ್ಲ. ಇಮೇಲನ್ನು ಸಿಂಗರಿಸುವ ಪ್ಲಗಿನ್‌ಗಳು ರಾಶಿ ಸಿಗುತ್ತವೆ. ಇಲ್ಲಿಗೆ ಸಾದಾ ಪಠ್ಯವೇ ವಾಸಿ.

ಹಂತ 3: ಕಳಿಸುವ ವಿಳಾಸ. ಎಡವುವುದು ಇಲ್ಲೇ. ಹಲವರು ತಮ್ಮ ಜಿಮೇಲ್ ವಿಳಾಸವನ್ನೇ ಕಳಿಸುವವರ ಜಾಗದಲ್ಲಿ ತುಂಬುತ್ತಾರೆ. ಇಮೇಲ್ ಹೊರಡುವುದು ನಿಮ್ಮ ಸೈಟ್ ಇರುವ ಹೋಸ್ಟಿಂಗ್ ಸರ್ವರಿನಿಂದ, ಹೆಸರು ಮಾತ್ರ ಜಿಮೇಲಿನದು. ಪಡೆಯುವ ಸರ್ವರಿಗೆ ಅದು ನಕಲಿಯಂತೆ ಕಾಣುತ್ತದೆ, ನೇರ ಸ್ಪ್ಯಾಮ್‌ಗೆ ತಳ್ಳುತ್ತದೆ. ವಿಳಾಸ ನಿಮ್ಮ ಡೊಮೇನಿನದ್ದೇ ಇರಲಿ. ಉತ್ತರ ಬಂದರೆ ಓದುವವರೂ ಇರಲಿ.

ಪಿಎಚ್‌ಪಿಯ ಮೇಲ್ ಫಂಕ್ಷನ್ ನಂಬಿ ಕೂರದೆ ಎಸ್‌ಎಂಟಿಪಿ (ಇಮೇಲ್ ಸರ್ವರಿಗೆ ಲಾಗಿನ್ ಆಗಿ ಕಳಿಸುವ ವಿಧಾನ) ಜೋಡಿಸಿ. ಪೋರ್ಟ್ 587 ಆದರೆ ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕವಾದ ಮೇಲೆ ಗೂಢಲಿಪಿ), 465 ಆದರೆ ಮೊದಲಿನಿಂದಲೇ ಟಿಎಲ್‌ಎಸ್ ಗೂಢಲಿಪಿ. ಇವೆರಡು ಅದಲುಬದಲಾದರೆ ಸಂಪರ್ಕವೇ ಕೂಡುವುದಿಲ್ಲ. ಆಮೇಲೆ ಡಿಎನ್‌ಎಸ್‌ನಲ್ಲಿ (ಡೊಮೇನಿನ ದಾಖಲೆಗಳಿರುವ ಜಾಗ) ಎಸ್‌ಪಿಎಫ್, ಅಂದರೆ ನಿಮ್ಮ ಹೆಸರಿನಲ್ಲಿ ಯಾವ ಸರ್ವರ್ ಇಮೇಲ್ ಕಳಿಸಬಹುದು ಎಂಬ ದಾಖಲೆ. ಹಳೆಯ ದಾಖಲೆ ಇದ್ದರೆ ಹೊಸ ಸೇವೆಯನ್ನು ಅದರೊಳಗೇ ಸೇರಿಸಿ. ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ದಾಖಲೆ ಇಟ್ಟರೆ ಎರಡೂ ಕೆಲಸಕ್ಕೆ ಬಾರವು. ಒಳಗೆ ಡಿಎನ್‌ಎಸ್ ಹುಡುಕಾಟ 10 ದಾಟಿದರೂ ಅದೇ ಗತಿ. ಇಮೇಲಿನ ಡಿಜಿಟಲ್ ಸಹಿ ಪರೀಕ್ಷಿಸಲು ಡಿಎನ್‌ಎಸ್‌ನಲ್ಲೇ ಹಾಕುವ ಡಿಕೆಐಎಂ ಕೀಲಿ ಉದ್ದವಾಗಿರುತ್ತದೆ, ಪೇಸ್ಟ್ ಮಾಡುವಾಗ ಬಾಲ ತುಂಡಾಗದಂತೆ ನೋಡಿಕೊಳ್ಳಿ.

ಇಮೇಲ್ ಕಳಿಸಿದ್ದರ ಲಾಗ್‌ನಲ್ಲಿ ‘ಕಳಿಸಲಾಗಿದೆ’ ಎಂದಿದ್ದರೆ ಮುಂದಿನ ಸರ್ವರಿಗೆ ದಾಟಿಸಲಾಗಿದೆ ಎಂದಷ್ಟೇ ಅರ್ಥ. ಹಾಗಾಗಿ ಒಂದು ಜಿಮೇಲ್ ಖಾತೆಗೆ ಪರೀಕ್ಷಾ ಇಮೇಲ್ ಕಳಿಸಿ, ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ತೆರೆಯಿರಿ. ಎಸ್‌ಪಿಎಫ್, ಡಿಕೆಐಎಂ ಎರಡರ ಮುಂದೆಯೂ ‘ಪಾಸ್’ ಕಾಣಬೇಕು.

ಹಂತ 4: ಲಿಂಕಿನ ಆಯಸ್ಸು. ವರ್ಡ್‌ಪ್ರೆಸ್‌ನಲ್ಲಿ ಅದು 24 ಗಂಟೆ. ಶುಕ್ರವಾರ ಸಂಜೆ ಖಾತೆ ತೆರೆದರೆ ಸೋಮವಾರದ ಹೊತ್ತಿಗೆ ಲಿಂಕ್ ಸತ್ತಿರುತ್ತದೆ. ವಾರದ ನಡುವೆ, ಬೆಳಿಗ್ಗೆ ತೆರೆಯಿರಿ. ಸ್ವಂತ ಕೋಡ್ ಬರೆಯುವವರು ಇನ್ನೊಂದು ಗಮನಿಸಬೇಕು: ಕಚೇರಿಗಳ ಭದ್ರತಾ ಫಿಲ್ಟರ್‌ಗಳು ಇಮೇಲಿನ ಲಿಂಕನ್ನು ತಾವೇ ಮೊದಲು ತೆರೆದು ನೋಡುತ್ತವೆ. ಲಿಂಕ್ ತೆರೆದ ಮಾತ್ರಕ್ಕೆ ದೃಢೀಕರಣ ಮುಗಿಯುವಂತಿದ್ದರೆ, ಒಂದೇ ಸಲ ಬಳಸಬಹುದಾದ ಲಿಂಕ್ ಬಳಕೆದಾರರ ಕೈಸೇರುವ ಮೊದಲೇ ಖರ್ಚಾಗಿರುತ್ತದೆ. ಪುಟದಲ್ಲಿ ಒಂದು ಗುಂಡಿ ಇಟ್ಟು, ಅದನ್ನು ಒತ್ತಿದ ಮೇಲಷ್ಟೇ ಮುಂದುವರಿಯುವಂತೆ ಮಾಡಿ.

ನೂರಾರು ಖಾತೆಗಳನ್ನು ಒಟ್ಟಿಗೆ ಆಮದು ಮಾಡುವುದಿದ್ದರೆ ಗಂಟೆಗೆ ಎಷ್ಟು ಇಮೇಲ್ ಕಳಿಸಬಹುದೆಂಬ ಹೋಸ್ಟಿಂಗ್‌ನವರ ಮಿತಿ ಕೇಳಿಕೊಂಡು, ಮೊದಲು ಐದೇ ಖಾತೆ ತೆರೆದು ನೋಡಿ.