ಶುಕ್ರವಾರದ ಸಿನಿಮಾಕ್ಕೆ ವಿಮರ್ಶೆ ಬರೆಯುವುದು, ಸ್ಟಾರ್ ಕೊಡುವುದು

ಕನ್ನಡ ದಿನಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆಗೆ ಸಿಗುವ ಕಾಲ ತೀರಾ ಕಡಿಮೆ. ಶುಕ್ರವಾರ ಬೆಳಗಿನ ಆಟ ನೋಡಿ, ಸಂಜೆ ಪುಟ ಮುಗಿಯುವುದರೊಳಗೆ 300ರಿಂದ 400 ಪದ ಬರೆದು ಕೊಡಬೇಕು. ಹಿಂದಿನ ಸಂಜೆ ಪ್ರೀಮಿಯರ್ ಇದ್ದರೆ ಒಂದಿಷ್ಟು ಬಿಡುವು ಸಿಗುತ್ತದೆ. ಆದರೆ ಅಲ್ಲಿ ಕೂತವರಲ್ಲಿ ಚಿತ್ರತಂಡದ ಬಂಧುಮಿತ್ರರೇ ಹೆಚ್ಚಿರುವುದರಿಂದ ಅವರ ನಗು, ಚಪ್ಪಾಳೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಸ್ಟಾರ್ ನಟರ ಸಿನಿಮಾಗಳ ಮೊದಲ ಆಟದಲ್ಲಿ ತೊಂದರೆ ಬೇರೆ ಥರ: ಶಿಳ್ಳೆಯಲ್ಲಿ ಅರ್ಧ ಸಂಭಾಷಣೆ ಕೇಳಿಸುವುದೇ ಇಲ್ಲ. ಸಮಯ ಹೊಂದಿದರೆ ಎರಡನೇ ಆಟಕ್ಕೆ ಹೋಗಿ.

ಹತ್ತು ನಿಮಿಷ ಮೊದಲೇ ಸೀಟಿನಲ್ಲಿರಿ. ಸೆನ್ಸಾರ್ ಪ್ರಮಾಣಪತ್ರ ತೆರೆಯ ಮೇಲೆ ಕೆಲವೇ ಸೆಕೆಂಡು ಇರುತ್ತದೆ. ಚಿತ್ರದ ಅವಧಿ ಮತ್ತು ವರ್ಗವನ್ನು ಅಲ್ಲಿಂದಲೇ ಬರೆದುಕೊಳ್ಳಿ. 2024ರ ಕೊನೆಯಿಂದ ಯು/ಎ ವರ್ಗ (ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು) ವಯಸ್ಸಿನ ಪ್ರಕಾರ 7+, 13+, 16+ ಎಂದು ಮೂರಾಗಿದೆ. ಮಕ್ಕಳನ್ನು ಕರೆದೊಯ್ಯುವವರಿಗೆ ಈ ಒಂದು ಸಾಲು ನಿಮ್ಮ ಇಡೀ ಬರಹಕ್ಕಿಂತ ಮುಖ್ಯವಾಗಬಹುದು. ತಂತ್ರಜ್ಞರ ಹೆಸರನ್ನು ಪತ್ರಿಕಾ ಪ್ರಕಟಣೆಯಿಂದ ತೆಗೆದುಕೊಂಡರೂ ಟೈಟಲ್ ಕಾರ್ಡ್ ಜೊತೆ ತಾಳೆ ನೋಡಿ. ರೀಮೇಕ್ ಆಗಿದ್ದರೆ ಅದನ್ನೂ, ಹಲವು ಭಾಷೆಗಳಲ್ಲಿ ಬಂದ ಚಿತ್ರವಾದರೆ ನೀವು ನೋಡಿದ್ದು ಯಾವ ಆವೃತ್ತಿ ಎಂಬುದನ್ನೂ ವಿಮರ್ಶೆಯಲ್ಲಿ ಹೇಳಲೇಬೇಕು.

ಕತ್ತಲಲ್ಲಿ ಮೊಬೈಲ್ ಬೆಳಗಿಸಬೇಡಿ. ಸಣ್ಣ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ, ಪುಟಕ್ಕೆ ನಾಲ್ಕೈದು ಸಾಲು ಬರೆದರೆ ಆಮೇಲೆ ಓದಲು ಬರುತ್ತದೆ. ಕಥೆ ಬರೆದುಕೊಳ್ಳಬೇಡಿ, ಅದು ನೆನಪಿರುತ್ತದೆ. ಮರೆತುಹೋಗುವುದು ಸಣ್ಣ ಸಂಗತಿಗಳು: ಒಂದು ಸಂಭಾಷಣೆಯ ಸರಿಯಾದ ಪದಗಳು, ಕ್ಯಾಮೆರಾ ಯಾರ ಮುಖದ ಮೇಲೆ ನಿಂತಿತು, ಹಿನ್ನೆಲೆ ಸಂಗೀತ ಎಲ್ಲಿ ಸುಮ್ಮನಾಯಿತು. ಮುಖ್ಯ ಸಂಘರ್ಷ ಯಾವಾಗ ಶುರುವಾಯಿತು, ಮಧ್ಯಂತರ ಎಷ್ಟು ಹೊತ್ತಿಗೆ ಬಂತು ಎಂದು ಗಡಿಯಾರ ನೋಡಿ ಗುರುತಿಸಿ. ‘ಚಿತ್ರ ನಿಧಾನ’ ಎನ್ನುವುದಕ್ಕಿಂತ ‘ಕಥೆ ಶುರುವಾಗಲು 50 ನಿಮಿಷ ಬೇಕಾಯಿತು’ ಎನ್ನುವುದು ಓದುಗನಿಗೆ ಉಪಯೋಗದ ಮಾತು.

ತಪ್ಪು ಯಾರದ್ದೆಂದು ತೀರ್ಮಾನಿಸುವಾಗ ಹುಷಾರಾಗಿರಬೇಕು. ದೃಶ್ಯಗಳು ಮಂಕಾಗಿ ಕಂಡರೆ ಛಾಯಾಗ್ರಾಹಕನನ್ನು ದೂರುವ ಮೊದಲು ಆರಂಭದ ಜಾಹೀರಾತುಗಳು ಹೇಗಿದ್ದವು ಎಂದು ನೆನಪು ಮಾಡಿಕೊಳ್ಳಿ. ಅವೂ ಮಂಕಾಗಿದ್ದರೆ ದೋಷ ಚಿತ್ರಮಂದಿರದ ಪ್ರೊಜೆಕ್ಟರಿನದ್ದಿರಬಹುದು. ಮಾತು ಅಸ್ಪಷ್ಟವಾಗಿ ಕೇಳಿದರೂ ಇದೇ ಪರೀಕ್ಷೆ. ‘ಇನ್ನಷ್ಟು ಕತ್ತರಿ ಹಾಕಬಹುದಿತ್ತು’ ಎಂದು ಸಂಕಲನಕಾರನ ತಲೆಗೆ ಕಟ್ಟುವ ದೋಷ ಎಷ್ಟೋ ಸಲ ಚಿತ್ರಕಥೆಯದ್ದೇ ಆಗಿರುತ್ತದೆ. ಬರೆಯುವಾಗಲೇ ಇಲ್ಲದ ಬಿಗಿಯನ್ನು ಎಡಿಟಿಂಗ್ ಟೇಬಲ್ಲಿನಲ್ಲಿ ಪೂರ್ತಿಯಾಗಿ ತರಲಾಗುವುದಿಲ್ಲ.

ಬರೆಯಲು ಕೂತಾಗ ಕಥೆಗೆ 70 ಪದ ಸಾಕು. ಮೊದಲ ಅರ್ಧ ಗಂಟೆಯಲ್ಲಿ ತಿಳಿಯುವಷ್ಟನ್ನೇ ಹೇಳಿ, ಮಧ್ಯಂತರದಿಂದಾಚೆಗಿನ ತಿರುವನ್ನು ಮುಟ್ಟಬೇಡಿ. ನಿಮ್ಮ ಮುಖ್ಯ ಅಭಿಪ್ರಾಯ ಮೊದಲೆರಡು ಪ್ಯಾರಾಗಳಲ್ಲೇ ಬರಲಿ. ಜಾಹೀರಾತು ಬಂದು ಜಾಗ ಕಮ್ಮಿಯಾದರೆ ಡೆಸ್ಕಿನವರು ಕತ್ತರಿಸುವುದು ಕೆಳಗಿನಿಂದ. ಕೊನೆಗೆಂದು ಕೂಡಿಟ್ಟ ಮಾತು ಅಚ್ಚಾಗುವುದೇ ಇಲ್ಲ.

‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ’, ‘ಛಾಯಾಗ್ರಹಣ ಕಣ್ಣಿಗೆ ತಂಪು’, ‘ಒಮ್ಮೆ ನೋಡಲು ಅಡ್ಡಿಯಿಲ್ಲ’. ಈ ಸಾಲುಗಳನ್ನು ಯಾವ ಸಿನಿಮಾಕ್ಕೆ ಅಂಟಿಸಿದರೂ ಹೊಂದುತ್ತವೆ, ಅಂದರೆ ಯಾವ ಸಿನಿಮಾದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ‘ನಿರೂಪಣೆ ಬಿಗಿಯಾಗಿಲ್ಲ’ ಎಂದು ಬರೆದಿದ್ದರೆ ಅದನ್ನು ಹೊಡೆದುಹಾಕಿ, ಹಾಗನ್ನಿಸಿದ್ದು ಎಲ್ಲಿ ಎಂದು ಹುಡುಕಿ. ಉದಾಹರಣೆಗೆ: ‘ತಂಗಿ ಕಾಣೆಯಾದ ಸುದ್ದಿ ಬಂದ ಮೇಲೂ ನಾಯಕನಿಗೆ ಒಂದು ಡ್ಯುಯೆಟ್, ಒಂದು ಹಾಸ್ಯ ದೃಶ್ಯ ಇದೆ, ಹುಡುಕಾಟದ ಆತಂಕ ಅಲ್ಲೇ ಕರಗಿಹೋಗುತ್ತದೆ.’ ಇಷ್ಟು ಬರೆದರೆ ಒಪ್ಪದವರಿಗೂ ನೀವು ಹೇಳಿದ್ದು ಏನೆಂದು ಗೊತ್ತಾಗುತ್ತದೆ. ಕಥೆ ಕದ್ದದ್ದು ಎಂಬ ಅನುಮಾನ ಬಂದರೆ ಆರೋಪ ಹೊರಿಸದೆ, ಯಾವ ದೃಶ್ಯ ಯಾವ ಚಿತ್ರದ ಯಾವ ದೃಶ್ಯವನ್ನು ಹೋಲುತ್ತದೆ ಎಂದಷ್ಟೇ ಬರೆಯಿರಿ. ಅಭಿಪ್ರಾಯಕ್ಕೆ ಕಾನೂನಿನ ರಕ್ಷಣೆ ಇದೆ; ಪುರಾವೆ ಇಲ್ಲದ ಆರೋಪಕ್ಕಿಲ್ಲ.

ಸ್ಟಾರ್ ಕೊನೆಯ ಕೆಲಸ. ಮೊದಲೇ ಅಂಕ ನಿಶ್ಚಯಿಸಿದರೆ ಬರಹ ಅದನ್ನು ಸಮರ್ಥಿಸಲು ಹೊರಡುತ್ತದೆ. ಐದರ ಅಳತೆಯಲ್ಲಿ ಪ್ರತಿ ಮೆಟ್ಟಿಲಿಗೂ ನಿಮ್ಮದೇ ಅರ್ಥ ಬರೆದಿಟ್ಟುಕೊಳ್ಳಿ: 3 ಅಂದರೆ ಟಿಕೆಟ್ ದುಡ್ಡಿಗೆ ಮೋಸವಿಲ್ಲ, 2 ಅಂದರೆ ಅಲ್ಲಲ್ಲಿ ಚೆನ್ನಾಗಿದ್ದರೂ ಒಟ್ಟಾರೆ ನಿಲ್ಲುವುದಿಲ್ಲ, 4 ಅಂದರೆ ಬೇರೆಯವರಿಗೂ ಹೇಳಿ ಕಳುಹಿಸುವಂಥದ್ದು. 5 ವರ್ಷಗಟ್ಟಲೆ ಕೊಡದೇ ಇರಬಹುದು. ನಟನೆಗೆ ಇಷ್ಟು, ಸಂಗೀತಕ್ಕೆ ಇಷ್ಟು ಎಂದು ಕೊಟ್ಟು ಸರಾಸರಿ ತೆಗೆಯುವ ಪದ್ಧತಿಯಲ್ಲಿ ದೊಡ್ಡ ಕುಂದಿದೆ: ಕಥೆಯೇ ಇಲ್ಲದ ಚಿತ್ರವೂ ಒಳ್ಳೆಯ ಹಾಡು, ಕ್ಯಾಮೆರಾಗಳ ಬಲದಿಂದ 3ಕ್ಕೆ ಬಂದು ನಿಲ್ಲುತ್ತದೆ.

ಹೆಚ್ಚಾಗಿ ಕಾಣುವ ಕೆಡುಕು ಅಂದರೆ ಬರಹದ ತುಂಬ ದೂರು, ಮೇಲೆ ಮಾತ್ರ ಮೂರೂವರೆ ಸ್ಟಾರ್. ನಿರ್ಮಾಪಕರ ಪರಿಚಯ, ಅಭಿಮಾನಿಗಳ ಬೈಗುಳದ ಭಯ, ಪಕ್ಕದ ಪುಟದಲ್ಲೇ ಇರುವ ಚಿತ್ರದ ಜಾಹೀರಾತು ಎಲ್ಲ ಸೇರಿ ಅಂಕವನ್ನು ಮೇಲಕ್ಕೆ ಎಳೆಯುತ್ತವೆ. ಹೊಸಬರ ತಂಡ ಎಂದು ಅರ್ಧ ಸ್ಟಾರ್ ಸೇರಿಸುವುದೂ ಸರಿಯಲ್ಲ. ಪ್ರೇಕ್ಷಕನಿಗೆ ಟಿಕೆಟ್ಟಿನಲ್ಲಿ ಆ ರಿಯಾಯಿತಿ ಇಲ್ಲವಲ್ಲ. ಶ್ರಮವನ್ನು ಮಾತಿನಲ್ಲಿ ಮೆಚ್ಚಿ, ಅಂಕದಲ್ಲಿ ಬೇಡ. ನೀವು ಕೆಲಸ ಮಾಡಿದ ಅಥವಾ ಹತ್ತಿರದವರು ಇರುವ ಸಿನಿಮಾವನ್ನು ಸಹೋದ್ಯೋಗಿಗೆ ಬಿಟ್ಟುಕೊಡಿ.

ಪ್ರತಿಯನ್ನು ಕಳಿಸುವಾಗ ತಲೆಬರಹದ ಕೆಳಗೇ ಸ್ಟಾರನ್ನು ಅಂಕಿ, ಅಕ್ಷರ ಎರಡರಲ್ಲೂ ಬರೆಯಿರಿ: 2.5, ಎರಡೂವರೆ. ಪುಟ ವಿನ್ಯಾಸದವರು ಹಿಂದಿನ ವಾರದ ಚೌಕಟ್ಟನ್ನೇ ಬಳಸುವುದರಿಂದ ಹಳೆಯ ಸ್ಟಾರುಗಳು ಹಾಗೇ ಉಳಿದುಬಿಡುವ ಅಪಾಯವಿದೆ. ಪುಟ ಅಚ್ಚಿಗೆ ಹೋಗುವ ಮೊದಲು ಪಿಡಿಎಫ್ ತರಿಸಿಕೊಂಡು ನೀವೇ ಒಮ್ಮೆ ಎಣಿಸಿ ನೋಡಿ.