ವೃದ್ಧಾಶ್ರಮಕ್ಕೆ ನಾಯಿ ಕರೆದುಕೊಂಡು ಹೋಗುವ ಮುಂಚೆ

ಬೆಲ್ಲ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿ. ಬಣ್ಣ ನೋಡಿ ಇಟ್ಟ ಹೆಸರು. ಮೈಸೂರಿನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ವೃದ್ಧಾಶ್ರಮ ಇದೆ. ಮೂರು ವರ್ಷದಿಂದ ಪ್ರತಿ ಗುರುವಾರ ಸಂಜೆ ನಾವಿಬ್ಬರೂ ಅಲ್ಲಿಗೆ ಹೋಗುತ್ತೇವೆ. "ನಮ್ಮ ನಾಯೀನೂ ಕರ್ಕೊಂಡು ಹೋಗಬಹುದಾ?" ಅಂತ ಪಾರ್ಕಿನಲ್ಲಿ ಸಿಕ್ಕವರು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಾಯಿಯನ್ನು ಸರಿಯಾಗಿ ನೋಡಿ. ತಳಿ ನೋಡಬೇಡಿ. ಖುಷಿ ಬಂದರೆ ಮೈಮೇಲೆ ಹಾರುವ ಮೂವತ್ತು ಕೆಜಿ ಲ್ಯಾಬ್ರಡಾರ್ ಎಷ್ಟೇ ಒಳ್ಳೆಯದಾದರೂ ಅಜ್ಜಿಯ ಸೊಂಟ ಮುರಿದೀತು. ಹೊಸಬರು ಮನೆಗೆ ಬಂದಾಗ ಅದು ತಾನಾಗಿ ಹತ್ತಿರ ಹೋಗುತ್ತದಾ? ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿದರೂ ಬೇಗ ಸಮಾಧಾನ ಆಗುತ್ತದಾ? ಹೌದಾದರೆ ಮುಂದಿನ ಮಾತು. ಮರಿಗಳನ್ನಂತೂ ಬೇಡವೇ ಬೇಡ, ಒಂದು ವರ್ಷವಾದರೂ ತುಂಬಲಿ.

ನಮಗೆ ಎದುರಾದ ದೊಡ್ಡ ತೊಂದರೆ ಊರುಗೋಲು. ಬೀದಿ ನಾಯಿಗೆ ಕೋಲು ಅಂದರೆ ಏಟು, ಅಲ್ವಾ? ಮರಿಯಾಗಿದ್ದಾಗ ಬೆಲ್ಲ ಎಷ್ಟು ತಿಂದಿದ್ದಳೋ. ಅಲ್ಲಿ ನೋಡಿದರೆ ಎಲ್ಲರ ಕೈಯಲ್ಲೂ ಕೋಲು! ಹಾಗಾಗಿ ನಮ್ಮ ಮಾವನ ಹಳೆ ಊರುಗೋಲನ್ನು ಹಾಲ್‌ನಲ್ಲಿ ಸುಮ್ನೆ ಮಲಗಿಸಿಟ್ಟೆ. ಅದರ ಪಕ್ಕ ಬೇಯಿಸಿದ ಮೊಟ್ಟೆಯ ಚೂರು. ಮೊದಲ ದಿನ ಅವಳು ಅತ್ತ ಸುಳಿಯಲೇ ಇಲ್ಲ. ನಾಲ್ಕನೇ ದಿನ ಕತ್ತು ಉದ್ದ ಮಾಡಿ ಮೊಟ್ಟೆ ಚೂರು ಎತ್ತಿಕೊಂಡು ಓಡಿದಳು. ವಾರ ಕಳೆದ ಮೇಲೆ ಕೋಲನ್ನು ಗೋಡೆಗೆ ಒರಗಿಸಿದೆ. ಆಮೇಲೆ ಕೈಯಲ್ಲಿ ಹಿಡಿದು ಕೂತೆ, ಎದ್ದು ನಿಂತೆ, ಕುಟ್ಟುತ್ತಾ ನಡೆದೆ. ಇಷ್ಟಕ್ಕೆ ಆರು ವಾರ ಹಿಡಿಯಿತು. ಒಂದು ಹಂತದಲ್ಲಿ ಹೆದರಿದರೆ ಹಿಂದಿನ ಹಂತಕ್ಕೆ ಹೋಗಿ. ಎಳೆದುಕೊಂಡು ಹೋಗಿ ರೂಢಿ ಮಾಡಿಸಬೇಡಿ. ವೀಲ್‌ಚೇರ್, ವಾಕರ್, ಕೆಮ್ಮು, ನುಣುಪಾದ ಟೈಲ್ಸ್ ನೆಲ, ಇವಕ್ಕೂ ಇದೇ ದಾರಿ.

ಪಶುವೈದ್ಯರಿಗೆ ಒಮ್ಮೆ ತೋರಿಸಿ. ರೇಬೀಸ್ ಇಂಜೆಕ್ಷನ್ ಚೀಟಿ ಜೊತೆಗಿರಲಿ. ಜಂತುಹುಳದ ಔಷಧಿ ತಪ್ಪಬಾರದು, ಮೈಯಲ್ಲಿ ಉಣುಗು ಇರಬಾರದು. ಹಸಿ ಮಾಂಸ ತಿನ್ನುವ ನಾಯಿಯನ್ನು ಕಾಯಿಲೆಯವರ ಹತ್ತಿರ ಬಿಡಬೇಡಿ, ಅದರಿಂದ ರೋಗಾಣು ದಾಟುತ್ತದೆ. ಹಿಂದಿನ ದಿನವೇ ಉಗುರು ಕತ್ತರಿಸಿ ಉಜ್ಜಿ ನಯ ಮಾಡಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಂದು ಸಲ ನನ್ನ ಸೋಮಾರಿತನಕ್ಕೆ ಅಜ್ಜಿಯೊಬ್ಬರ ಮುಂಗೈ ಸುಲಿಯಿತು. ಬೆಲ್ಲ ಕಾಲು ಚಾಚಿದ್ದಷ್ಟೇ. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆ ಇದ್ದ ಹಾಗೆ, ರಕ್ತ ತೆಳು ಮಾಡುವ ಮಾತ್ರೆ ಬೇರೆ ತೆಗೆದುಕೊಳ್ಳುತ್ತಿರುತ್ತಾರೆ. ಹೀಗಾದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಡಾಕ್ಟರಿಗೆ ತೋರಿಸಲೇಬೇಕು. ನಾಯಿಗೆ ಇಂಜೆಕ್ಷನ್ ಆಗಿದೆ ಅಂತ ಬಿಡುವ ಹಾಗಿಲ್ಲ.

ಅಮೆರಿಕದಲ್ಲಿ ಬೋರಿಸ್ ಲೆವಿನ್‌ಸನ್ ಅಂತ ಮಕ್ಕಳ ಮನಶ್ಶಾಸ್ತ್ರಜ್ಞರಿದ್ದರು. ಯಾರ ಜೊತೆಗೂ ಬೆರೆಯದ ಒಬ್ಬ ಹುಡುಗನನ್ನು ಅವನ ಮನೆಯವರು ಹೇಳಿದ ಹೊತ್ತಿಗಿಂತ ಮುಂಚೆಯೇ ಇವರ ಹತ್ತಿರ ಕರೆತಂದಿದ್ದರಂತೆ. ಕೋಣೆಯಲ್ಲಿ ಲೆವಿನ್‌ಸನ್ ಅವರ ನಾಯಿ ಜಿಂಗಲ್ಸ್ ಇತ್ತು. ಅದು ತಾನಾಗಿ ಹುಡುಗನ ಹತ್ತಿರ ಹೋಯಿತು, ಅವನು ಅದನ್ನು ಸವರತೊಡಗಿದ. ನಾಯಿಯನ್ನು ಜೊತೆಗಿಟ್ಟುಕೊಂಡು ಚಿಕಿತ್ಸೆ ಮಾಡುವ ಬಗ್ಗೆ ಲೆವಿನ್‌ಸನ್ 1962ರಲ್ಲಿ ಬರೆದರು. ನನಗೆ ಇಷ್ಟವಾಗುವುದು ಅವತ್ತು ಅವರು ನಡುವೆ ಬಾಯಿ ಹಾಕದೆ ಇದ್ದದ್ದು. ನಾನು ಮೊದಮೊದಲು ಹಾಗಿರಲಿಲ್ಲ. "ಮುಟ್ಟಿ ತಾತ, ಏನೂ ಮಾಡಲ್ಲ" ಅಂತ ಬಡಬಡಿಸುತ್ತಿದ್ದೆ. ಅವರು ಕೈ ಎಳೆದುಕೊಳ್ಳುತ್ತಿದ್ದರು.

ಈಗ ಬಾಗಿಲಲ್ಲೇ ನಿಂತು "ನಮಸ್ಕಾರ ತಾತ, ಬೆಲ್ಲ ಬಂದಿದ್ದಾಳೆ, ಒಳಗೆ ಬರಲಾ?" ಅಂತ ಒಂದೇ ಸಲ ಕೇಳುತ್ತೇನೆ. ಹೂಂ ಅಂದರೆ ಕುರ್ಚಿಯ ಪಕ್ಕಕ್ಕೆ ಹೋಗಿ ನೆಲದಲ್ಲಿ ಕೂರುತ್ತೇನೆ. ಹಗ್ಗ ಕೈಯಲ್ಲೇ ಇರುತ್ತದೆ, ಆದರೆ ಸಡಿಲವಾಗಿ. ಪಾರ್ಶ್ವವಾಯು ಆದವರಾದರೆ ಆಡುವ ಕೈ ಕಡೆಯಿಂದ ಹೋಗಿ. ಕಿವಿ ಕೇಳದವರಾದರೆ ಎದುರಿನಿಂದ. ಕಣ್ಣು ಕಾಣದವರಿಗೆ ನಾಯಿಯ ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಅಂತ ಮೊದಲೇ ಹೇಳಿ. ನೆತ್ತಿಯ ಮೇಲೆ ತಟ್ಟುವುದಕ್ಕಿಂತ ಎದೆ, ಭುಜ ಸವರುವುದು ನಾಯಿಗೆ ಹಿತ. ಮರೆವು ಇರುವ ಒಬ್ಬ ತಾತ ಬೆಲ್ಲನನ್ನು "ಕರಿಯ" ಅಂತಾರೆ. ಅವರ ಊರಿನ ಹೊಲ ಕಾಯುತ್ತಿದ್ದ ನಾಯಿಯಂತೆ. ತಿದ್ದಬೇಡಿ. ಆ ಕರಿಯ ಏನೇನು ಮಾಡುತ್ತಿತ್ತು ಅಂತ ಕೇಳಿ.

ಕಣ್ಣು ಮಾತ್ರ ನಾಯಿಯ ಮೇಲಿರಲಿ. ನಿದ್ದೆ ಇಲ್ಲದೆ ಆಕಳಿಸುವುದು, ತಿಂಡಿ ಇಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವುದು, ಬಾಲ ಒಳಗೆ ಹೋಗುವುದು. ಇವೆಲ್ಲ "ನನಗೆ ಸಾಕು" ಅನ್ನುವ ಮಾತು. ಕೇಳಿಸಿಕೊಳ್ಳದಿದ್ದರೆ ಮುಂದೆ ಗುರ್ ಅನ್ನುತ್ತದೆ. ನಾವು ನಾಲ್ಕೈದು ಜನರನ್ನು ನೋಡಿ ಮುಕ್ಕಾಲು ಗಂಟೆಯೊಳಗೆ ಹೊರಟುಬಿಡುತ್ತೇವೆ. ಹಬ್ಬದ ದಿನ ಮಾತ್ರ ಕೇಸರಿಬಾತು, ಪಾಯಸ ಅಂತ ಎಲ್ಲರೂ ಪ್ರೀತಿಯಿಂದ ಎತ್ತಿಟ್ಟಿರುತ್ತಾರೆ. ದ್ರಾಕ್ಷಿ ನಾಯಿಗೆ ವಿಷ, ಈರುಳ್ಳಿ, ಚಾಕೊಲೇಟೂ ಆಗದು. ಬೇಡ ಅಂದರೆ ಅವರಿಗೂ ಬೇಜಾರು. ಅದಕ್ಕೇ ಬೇಯಿಸಿದ ಕ್ಯಾರೆಟ್ ಚೂರು ಡಬ್ಬಿಯಲ್ಲಿ ಒಯ್ದು, ಅವರ ಅಂಗೈಯಲ್ಲೇ ಇಟ್ಟು ಕೊಡಿಸುತ್ತೇನೆ. ಮುಟ್ಟಿದವರೆಲ್ಲ ಆಮೇಲೆ ಕೈ ತೊಳೆಯಬೇಕು.

ಎಲ್ಲರಿಗೂ ನಾಯಿ ಬೇಕು ಅಂತಿಲ್ಲ. ಮೂಲೆ ಮಂಚದ ಅಜ್ಜಿ ಮಡಿಯವರು, ಮುಟ್ಟುವುದಿಲ್ಲ. ಅವರ ಮಂಚದಿಂದ ಆರಡಿ ದೂರದಲ್ಲಿ ಬೆಲ್ಲನಿಗೆ ಚಾಪೆ ಹಾಕುತ್ತೇನೆ. ಪ್ರತಿ ಗುರುವಾರ ಅವರದು ಅದೇ ಪ್ರಶ್ನೆ: "ಅದಕ್ಕೆ ಊಟ ಆಯ್ತಾ?" ಆಯ್ತಜ್ಜಿ ಅಂದರೆ, "ಏನು ಹಾಕಿದೆ?" ಮೊನ್ನೆ ಮಳೆ ಅಂತ ಹೋಗಿರಲಿಲ್ಲ. ಆಶ್ರಮದ ಫೋನಿಂದ ಅವರೇ ಮಾಡಿಸಿದ್ದರು. ನನ್ನ ಯೋಗಕ್ಷೇಮ ಕೇಳಲಿಲ್ಲ.